ಮಳೆಗಾಲದಲ್ಲಿ ಏಳದ ಲ್ಯಾಪ್‌ಟಾಪ್

ಬೆಂಗಳೂರಿನ ಎಸ್.ಪಿ. ರೋಡಿನಿಂದ ಕೊಂಡು ತಂದ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಬೇಸಗೆಯೆಲ್ಲ ಚೆನ್ನಾಗಿ ಓಡಿರುತ್ತದೆ. ಕಕ್ಕಡ ತಿಂಗಳ ಮಳೆ ಹಿಡಿದ ಮೇಲೆ ಒಂದು ಬೆಳಗ್ಗೆ ಆನ್ ಆಗುವುದೇ ಇಲ್ಲ. ಕೊಡಗಿನಲ್ಲಿ ಈ ದೂರು ಹೊಸದಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದುಬಿಡುತ್ತದೆ. ಪೂರ್ವಕ್ಕೆ ಮೂವತ್ತು ಚಿಲ್ಲರೆ ಕಿಲೋಮೀಟರ್ ದೂರದ ಕುಶಾಲನಗರದಲ್ಲಿ ಅದರ ಅರ್ಧವೂ ಇಲ್ಲ. ಒಂದೇ ಅಂಗಡಿಯಿಂದ ಬಂದ ಒಂದೇ ಮಾದರಿಯ ಎರಡು ಯಂತ್ರಗಳು ಈ ಎರಡು ಊರುಗಳಲ್ಲಿ ಬೇರೆ ಬೇರೆ ಆಯಸ್ಸು ಬಾಳಿದರೆ ಆಶ್ಚರ್ಯಪಡಬೇಕಾಗಿಲ್ಲ.

ಇಂಥ ಯಂತ್ರಗಳು ಈಗ ಹೆಚ್ಚಾಗಿ ಬರುತ್ತಿವೆ. ಕಂಪನಿಗಳು ಲೀಸ್ ಮುಗಿದ ಲ್ಯಾಪ್‌ಟಾಪ್‌ಗಳನ್ನು ಹಿಂದೆಯೂ ಹೊರಹಾಕುತ್ತಿದ್ದವು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದ ಮೇಲೆ ಅವನ್ನು ಬದಲಿಸಲು ಇನ್ನೊಂದು ಕಾರಣವೂ ಸಿಕ್ಕಿತು. ಪೊನ್ನಂಪೇಟೆ, ಕುಶಾಲನಗರಗಳಲ್ಲಿ ಓದುವ ಮಕ್ಕಳಿಗೆ, ತೋಟದ ಲೆಕ್ಕ ಬರೆಯುವವರಿಗೆ, ಹೋಮ್‌ಸ್ಟೇ ನಡೆಸುವವರಿಗೆ ಇವು ಧಾರಾಳ ಸಾಕು. ಆದರೆ ಒಮ್ಮೆ ಆನ್ ಆಗದೆ ಹೋದರೆ ರಿಪೇರಿಯವರಿಂದ ಬರುವ ಉತ್ತರ ಸಾಮಾನ್ಯವಾಗಿ ಒಂದೇ: ಬೋರ್ಡ್ ಹೋಗಿದೆ. ಆ ತೀರ್ಪನ್ನು ಒಪ್ಪಿಕೊಳ್ಳುವ ಮೊದಲು ಯಂತ್ರವನ್ನೇ ವಿಚಾರಿಸಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ. ಲ್ಯಾಪ್‌ಟಾಪ್ ಏಳುವುದು ಹಲವು ಹಂತಗಳಲ್ಲಿ. ಯಾವ ಹಂತದಲ್ಲಿ ನಿಂತಿತು ಎಂಬುದನ್ನು ಅದು ದೀಪದಲ್ಲೋ ಸದ್ದಿನಲ್ಲೋ ಬಹುಮಟ್ಟಿಗೆ ಹೇಳಿಯೇ ನಿಲ್ಲುತ್ತದೆ.

ಪವರ್ ಬಟನ್ ಒತ್ತಿದೊಡನೆ ಇಡೀ ಬೋರ್ಡಿಗೆ ಕರೆಂಟ್ ಹರಿಯುತ್ತದೆ ಎಂದು ಅನೇಕರು ತಿಳಿದಿದ್ದಾರೆ. ನಿಜವಾಗಿ ಆ ಬಟನ್ ಸಲ್ಲಿಸುವುದು ಒಂದು ಕೋರಿಕೆಯನ್ನು ಮಾತ್ರ. ಕೋರಿಕೆಯನ್ನು ಕೇಳಿಸಿಕೊಳ್ಳಲು ಎಂಬೆಡೆಡ್ ಕಂಟ್ರೋಲರ್ ಎಂಬ ಪುಟ್ಟ ಚಿಪ್ ಒಳಗೆ ಕಾದಿರುತ್ತದೆ. 3.3 ವೋಲ್ಟ್‌ನಲ್ಲಿ ಬದುಕುವ ಅದು ಸ್ವತಃ ಒಂದು ಚಿಕ್ಕ ಕಂಪ್ಯೂಟರ್. ಚಾರ್ಜಿಂಗ್, ಫ್ಯಾನು, ಕೀಬೋರ್ಡುಗಳ ಉಸ್ತುವಾರಿಯೂ ಸಾಮಾನ್ಯವಾಗಿ ಅದರದೇ. ಬಟನ್ ಒತ್ತಿದಾಗ ಅದು ಬೋರ್ಡಿನ ವೋಲ್ಟೇಜ್ ರೆಗ್ಯುಲೇಟರ್‌ಗಳನ್ನು ಒಂದು ನಿಶ್ಚಿತ ಕ್ರಮದಲ್ಲಿ ಎಬ್ಬಿಸುತ್ತದೆ: 5 ವೋಲ್ಟ್, 3.3 ವೋಲ್ಟ್, ಮೆಮೊರಿಗೆ 1.2 ವೋಲ್ಟ್, ಕೊನೆಗೆ ಪ್ರೊಸೆಸರಿಗೆ ಸುಮಾರು 1 ವೋಲ್ಟ್. ಪ್ರತಿಯೊಂದು ರೆಗ್ಯುಲೇಟರೂ ತನ್ನ ವೋಲ್ಟೇಜ್ ಸರಿಯಾಗಿ ಬಂದಿದೆ ಎಂದು ಸಂಕೇತ ಕೊಡಬೇಕು. ಒಂದು ಸುಮ್ಮನಿದ್ದರೂ ಮುಂದಿನ ಹೆಜ್ಜೆ ಇಲ್ಲ, ಎಲ್ಲವೂ ಆರಿಹೋಗುತ್ತದೆ. ದೀಪ ಒಮ್ಮೆ ಮಿನುಗಿ ಆರುವುದಕ್ಕೆ ಇದೊಂದು ಮುಖ್ಯ ಕಾರಣ.

ದೀಪವೇ ಹತ್ತದಿದ್ದರೆ ಅನುಮಾನ ಮೊದಲು ಹೋಗಬೇಕಾದ್ದು ಚಾರ್ಜರ್ ಮೇಲೆ. 230 ವೋಲ್ಟ್ ಮನೆ ಕರೆಂಟನ್ನು 19 ಅಥವಾ 20 ವೋಲ್ಟ್ ಡಿ.ಸಿ.ಗೆ ಇಳಿಸುವುದು ಅದರ ಕೆಲಸ. ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲಿನ ಏಟು ಲೈನಿನ ಮೂಲಕ ಬಂದರೆ ಮೊದಲು ಸಿಗುವುದು ಅದೇ. ಎಷ್ಟೋ ಸಲ ತಾನು ಸುಟ್ಟು ಬೋರ್ಡನ್ನು ಉಳಿಸಿರುತ್ತದೆ. ಹಳೆಯ ಯಂತ್ರದ ಜತೆ ಬಂದ ಚಾರ್ಜರ್ ಆ ಯಂತ್ರದ್ದೇ ಆಗಿರಬೇಕೆಂದಿಲ್ಲ. ಲೇಬಲ್ಲಿನ ವೋಲ್ಟ್ ಮತ್ತು ವ್ಯಾಟ್ ಹೊಂದುತ್ತವೆಯೇ ನೋಡಬೇಕು. ಕೆಲವು ಮಾದರಿಗಳ ಪಿನ್ನಿನ ನಡುವಿನ ಸಣ್ಣ ಕಡ್ಡಿ ಚಾರ್ಜರಿನ ಗುರುತು ಹೇಳಲೆಂದೇ ಇರುತ್ತದೆ. ಅದು ಬಾಗಿದ್ದರೆ ಯಂತ್ರ ನಡೆದರೂ ಬ್ಯಾಟರಿ ತುಂಬುವುದಿಲ್ಲ. ಯು.ಎಸ್.ಬಿ.-ಸಿ ಚಾರ್ಜರ್ ಮೊದಲು 5 ವೋಲ್ಟ್ ಕೊಟ್ಟು, ಲ್ಯಾಪ್‌ಟಾಪ್ ಜತೆ ಸಂಕೇತ ವಿನಿಮಯವಾದ ಮೇಲೆ 20 ವೋಲ್ಟ್‌ಗೆ ಏರುತ್ತದೆ. ಮೊಬೈಲಿನ ಚಾರ್ಜರನ್ನು ಚುಚ್ಚಿ ರಾತ್ರಿಯಿಡೀ ಕಾದರೂ ಕೆಲವು ಲ್ಯಾಪ್‌ಟಾಪ್ ಏಳದಿರುವುದು ಈ ಒಪ್ಪಂದ ಕುದುರದ ಕಾರಣಕ್ಕೆ.

ಚಾರ್ಜರ್ ಸರಿಯಿದೆ, ಆದರೂ ಸದ್ದಿಲ್ಲ ಎಂದರೆ ಎಂಬೆಡೆಡ್ ಕಂಟ್ರೋಲರ್ ಗೊಂದಲದಲ್ಲಿ ಸಿಕ್ಕಿಕೊಂಡಿರಬಹುದು. ಕರೆಂಟ್ ಬಂದು ಹೋಗಿ ಮಾಡುವ ಊರುಗಳಲ್ಲಿ ಇದು ಅಪರೂಪವಲ್ಲ. ಚಾರ್ಜರ್ ಕಿತ್ತು, ಬ್ಯಾಟರಿ ಹೊರಗೆ ಬರುವಂತಿದ್ದರೆ ಅದನ್ನೂ ತೆಗೆದು, ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಕೆಪಾಸಿಟರ್‌ಗಳಲ್ಲಿ ಉಳಿದ ಅಲ್ಪಸ್ವಲ್ಪ ವಿದ್ಯುದಾವೇಶ ಬರಿದಾಗುತ್ತದೆ, ಚಿಪ್ಪಿನ ಗೊಂದಲದ ನೆನಪು ಅಳಿಯುತ್ತದೆ. ಆಮೇಲೆ ಚಾರ್ಜರ್ ಮಾತ್ರ ಕೊಟ್ಟು ನೋಡುವುದು. ಇದನ್ನು ಕೆಲವರು ಮಂತ್ರವೆಂದು ನಗುತ್ತಾರೆ. ಅದರ ಹಿಂದಿರುವುದು ನೇರವಾದ ವಿದ್ಯುತ್ ಶಾಸ್ತ್ರ.

ಈ ಹಂತ ದಾಟಿದರೆ ಪ್ರೊಸೆಸರ್ ಎಚ್ಚರಗೊಂಡು, ಫ್ಲ್ಯಾಶ್ ಚಿಪ್ಪಿನಲ್ಲಿ ಬರೆದಿಟ್ಟ ಬಯೋಸ್ ಅನ್ನು ಓದತೊಡಗುತ್ತದೆ. ಆಗ ಅದಕ್ಕೆ ರ‍್ಯಾಮ್ ಇನ್ನೂ ಲಭ್ಯವಿಲ್ಲ. ರ‍್ಯಾಮ್ ಎಲ್ಲಿದೆ, ಯಾವ ವೇಗಕ್ಕೆ ಸರಿಯಾಗಿ ಓದಿ ಬರೆಯುತ್ತದೆ ಎಂದು ಪರೀಕ್ಷಿಸಿ ಹೊಂದಿಸಿಕೊಳ್ಳುವುದೇ ಅದರ ಮೊದಲ ದೊಡ್ಡ ಕೆಲಸಗಳಲ್ಲಿ ಒಂದು. ಅದು ನಡೆಯುವವರೆಗೂ ಪರದೆಯಲ್ಲಿ ಏನೂ ಮೂಡುವುದಿಲ್ಲವಾದ್ದರಿಂದ, ರ‍್ಯಾಮ್ ಸಿಗಲಿಲ್ಲ ಎಂಬ ಸುದ್ದಿಯನ್ನು ಯಂತ್ರ ಬೀಪ್ ಸದ್ದಿನಲ್ಲೋ ದೀಪದ ಮಿಟುಕಿನಲ್ಲೋ ಹೇಳಬೇಕು. ಎಷ್ಟು ಸಲ ಮಿಟುಕಿತು, ನಡುವೆ ಎಷ್ಟು ಬಿಡುವು, ಯಾವ ಬಣ್ಣ ಎಂದು ಬರೆದಿಟ್ಟುಕೊಂಡು ಆ ಮಾದರಿಯ ಸರ್ವಿಸ್ ಮ್ಯಾನ್ಯುಯಲ್ ತೆರೆದರೆ ಅರ್ಥ ಅಲ್ಲೇ ಇರುತ್ತದೆ.

ನಮ್ಮ ಪಕ್ಕದ ಮನೆಯ ಹುಡುಗ, ಡಿಗ್ರಿ ಎರಡನೇ ವರ್ಷದವನು, ಕಳೆದ ಮಳೆಗಾಲದಲ್ಲಿ ತನ್ನ ಲ್ಯಾಪ್‌ಟಾಪನ್ನು ಟವೆಲ್ಲಿನಲ್ಲಿ ಸುತ್ತಿ ತಂದಿದ್ದ. “ಮಾಮ, ಇದನ್ನು ಗುಜರಿಗೆ ಹಾಕೋದೇ ಒಳ್ಳೇದು ಅಂತಾರೆ” ಎಂದ. ಬಟನ್ ಒತ್ತಿದರೆ ದೀಪ ಹತ್ತುತ್ತಿತ್ತು, ಫ್ಯಾನು ಒಂದು ಸುತ್ತು ಎಳೆದು ನಿಲ್ಲುತ್ತಿತ್ತು, ಕ್ಷಣ ಬಿಟ್ಟು ಮತ್ತೆ ಅದೇ ಪ್ರಯತ್ನ. ವಿದ್ಯುತ್ ಬರುತ್ತಿದೆ, ಯಂತ್ರ ಏಳಲು ಹೆಣಗುತ್ತಿದೆ, ಮುಂದೆಲ್ಲೋ ಎಡವುತ್ತಿದೆ ಎಂದು ಅಷ್ಟರಿಂದಲೇ ತಿಳಿಯುತ್ತಿತ್ತು. ಹಿಂಬದಿಯ ಮುಚ್ಚಳ ಬಿಚ್ಚಿ, ಬ್ಯಾಟರಿಯ ಕನೆಕ್ಟರ್ ಕಳಚಿ, ಭೂತಗನ್ನಡಿ ಹಿಡಿದು ನೋಡಿದಾಗ ರ‍್ಯಾಮ್ ಸ್ಲಾಟಿನ ಒಂದು ಮೂಲೆಯಲ್ಲಿ ಹಿತ್ತಾಳೆ ಪಾತ್ರೆಗೆ ಹಿಡಿಯುವ ಹಸಿರು ಕಿಲುಬೇ ಕಂಡಿತು. ಹತ್ತಿರದ ಧೂಳು ಒದ್ದೆಯಾಗಿ ಅಂಟಿಕೊಂಡಿತ್ತು. ನೀರು ಚೆಲ್ಲಿದ ಗುರುತು ಎಲ್ಲೂ ಇರಲಿಲ್ಲ.

ನೀರು ಚೆಲ್ಲದೆ ಕಿಲುಬು ಎಲ್ಲಿಂದ ಬಂತು ಎಂಬುದೇ ಕೊಡಗಿನವರು ಕೇಳಿಕೊಳ್ಳಬೇಕಾದ ಪ್ರಶ್ನೆ. ಗಾಳಿಯ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್, ಸಾಪೇಕ್ಷ ಆರ್ದ್ರತೆ ಶೇ 90 ಇದ್ದರೆ ಇಬ್ಬನಿ ಬಿಂದು ಸುಮಾರು 18 ಡಿಗ್ರಿ. ಸುತ್ತಲಿನ ಗಾಳಿಗಿಂತ ಎರಡೇ ಡಿಗ್ರಿ ತಣ್ಣಗಿರುವ ಲೋಹದ ಮೇಲೂ ಆಗ ನೀರು ಕಟ್ಟುತ್ತದೆ. ರಾತ್ರಿ ಜೀಪಿನಲ್ಲಿಟ್ಟ ಲ್ಯಾಪ್‌ಟಾಪನ್ನು ಬೆಳಗ್ಗೆ ನೀರು ಕಾಯುತ್ತಿರುವ ಅಡುಗೆಮನೆಗೆ ತಂದರೆ ಅಷ್ಟು ವ್ಯತ್ಯಾಸ ಸುಲಭವಾಗಿ ಆಗುತ್ತದೆ. ಹನಿ ಕಟ್ಟಲೇಬೇಕೆಂದೂ ಇಲ್ಲ. ಆರ್ದ್ರತೆ ಹೆಚ್ಚಿದಂತೆ ಬೋರ್ಡಿನ ಮೈಮೇಲೆ ಕಣ್ಣಿಗೆ ಕಾಣದ, ಕೆಲವೇ ಅಣುಗಳಷ್ಟು ದಪ್ಪದ ನೀರಿನ ಪೊರೆ ಹರಡುತ್ತದೆ. ಧೂಳಿನಲ್ಲಿ ಲವಣವಿರುತ್ತದೆ, ಬೆಸುಗೆಯ ಹೊತ್ತಿಗೆ ಬಳಸಿದ ಫ್ಲಕ್ಸ್ ಅಲ್ಲಲ್ಲಿ ಉಳಿದಿರುತ್ತದೆ; ಇವೆರಡೂ ತೇವ ಹೀರಿ ಆ ಪೊರೆಯನ್ನು ವಿದ್ಯುದ್ವಾಹಕವಾಗಿಸುತ್ತವೆ. ಅಲ್ಲಿ ವೋಲ್ಟೇಜ್ ಇದ್ದರೆ ಧನ ತುದಿಯ ಲೋಹ ಅಯಾನುಗಳಾಗಿ ಕರಗಿ, ಋಣ ತುದಿಗೆ ಸಾಗಿ, ಅಲ್ಲಿ ಮತ್ತೆ ಲೋಹವಾಗಿ ಕೂಡುತ್ತದೆ. ಸೂಕ್ಷ್ಮದರ್ಶಕದಲ್ಲಿ ಈ ಬೆಳವಣಿಗೆ ಮಳೆಗಾಲದಲ್ಲಿ ನಾವು ಪಲ್ಯಕ್ಕೆ ಕೊಯ್ಯುವ ತೆರ್ಮೆ ಸೊಪ್ಪಿನ ಬಲಿತ ಗರಿಯಂತೆ ಕವಲೊಡೆದು ಕಾಣುತ್ತದೆ. ಗರಿಯ ತುದಿ ಎದುರಿನ ಪಿನ್ ಮುಟ್ಟಿದರೆ ಶಾರ್ಟ್. ಡಿ.ಡಿ.ಆರ್. 4 ರ‍್ಯಾಮಿನ ಲ್ಯಾಪ್‌ಟಾಪ್ ಪಟ್ಟಿಯಲ್ಲಿ 260 ಸಂಪರ್ಕ ಬಿಂದುಗಳಿವೆ, ಒಂದರಿಂದ ಇನ್ನೊಂದಕ್ಕೆ ಅರ್ಧ ಮಿಲಿಮೀಟರ್. ದಾಟಬೇಕಾದ ದೂರ ಬಹಳವಿಲ್ಲ.

ಮೂರು ಕೂಡಬೇಕು: ತೇವ, ಲವಣ, ವೋಲ್ಟೇಜ್. ಇದರಿಂದ ಹೊರಡುವ ಒಂದು ತೀರ್ಮಾನವನ್ನು ನಾನು ಸಿಕ್ಕಿದವರಿಗೆಲ್ಲ ಹೇಳುತ್ತೇನೆ. ಮಳೆಗಾಲದಲ್ಲಿ ದಿನವೂ ದುಡಿಯುವ ಲ್ಯಾಪ್‌ಟಾಪ್‌ಗಿಂತ ಮುಚ್ಚಿ ಸ್ಲೀಪ್‌ನಲ್ಲಿ ಬಿಟ್ಟ ಲ್ಯಾಪ್‌ಟಾಪ್‌ಗೆ ಅಪಾಯ ಹೆಚ್ಚು. ಓಡುವಾಗ ಒಳಗಿನ ಗಾಳಿ 35 ಡಿಗ್ರಿಗೆ ಏರಿತೆನ್ನಿ: ಹೊರಗೆ 20 ಡಿಗ್ರಿಯಲ್ಲಿ ಶೇ 90 ಇದ್ದ ಅದೇ ಗಾಳಿಯ ಸಾಪೇಕ್ಷ ಆರ್ದ್ರತೆ ಒಳಗೆ ಶೇ 40ಕ್ಕೂ ಕೆಳಗಿಳಿಯುತ್ತದೆ. ಯಂತ್ರ ತನ್ನ ಬಿಸಿಯಿಂದ ತನ್ನನ್ನೇ ಒಣಗಿಸಿಕೊಳ್ಳುತ್ತದೆ. ಸ್ಲೀಪ್‌ನಲ್ಲಿ ಆ ಬಿಸಿ ಇಲ್ಲ. ರ‍್ಯಾಮಿಗೂ ಕಂಟ್ರೋಲರಿಗೂ ವೋಲ್ಟೇಜ್ ಮಾತ್ರ ಇದ್ದೇ ಇದೆ. ಆ ಹುಡುಗ ರಜೆಯ ವಾರಗಳಲ್ಲಿ ಲ್ಯಾಪ್‌ಟಾಪನ್ನು ಮುಚ್ಚಳ ಹಾಕಿ, ಒಲೆಯ ಪಕ್ಕದ ಕಪಾಟಿನಲ್ಲಿ ಬೆಚ್ಚಗಿರಲಿ ಎಂದು ಇಟ್ಟಿದ್ದನಂತೆ. ಒಲೆಯ ಬಿಸಿ ಹಗಲಿಗಷ್ಟೇ, ರಾತ್ರಿ ಒಲೆ ಆರಿದ ಮೇಲೆ ಅದೇ ತೇವ. ಸೌದೆ ಹೊಗೆಯ ಮಸಿಯಲ್ಲಿ ಅಸೆಟಿಕ್, ಫಾರ್ಮಿಕ್‌ನಂಥ ಆಮ್ಲಗಳೂ ಇರುತ್ತವೆ. ಲೋಹಕ್ಕೆ ಅವು ಹಿತವಲ್ಲ. ಬಟ್ಟೆ ಒಣಗಿಸಲು ಒಲೆ ಒಳ್ಳೆಯದು, ಲ್ಯಾಪ್‌ಟಾಪ್‌ಗೆ ಬೇಡ.

ರ‍್ಯಾಮ್ ಹೊರಗೆ ತೆಗೆದು, ಐಸೊಪ್ರೊಪೈಲ್ ಆಲ್ಕೋಹಾಲ್ ಸವರಿದ ನೂಲು ಬಿಡದ ಬಟ್ಟೆಯಲ್ಲಿ ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಒರೆಸಿದೆವು. ಸ್ಲಾಟನ್ನು ಮೆತ್ತನೆ ಬ್ರಶ್ಶಿನಿಂದ ಅದೇ ದ್ರವದಲ್ಲಿ ತೊಳೆದೆವು. ಈ ಆಲ್ಕೋಹಾಲ್ ನೀರಿನೊಡನೆ ಬೆರೆತು ಬೇಗ ಆರುವುದರಿಂದ ಸಂದಿಯ ತೇವವನ್ನೂ ಕೊಂಡೊಯ್ಯುತ್ತದೆ. ರಬ್ಬರಿನಿಂದ ಉಜ್ಜುವ ರೂಢಿ ಅಂಗಡಿಗಳಲ್ಲಿದೆ, ನಾನು ಅದನ್ನು ಒಪ್ಪುವುದಿಲ್ಲ: ಚಿನ್ನದ ಲೇಪ ಬಹಳ ತೆಳು, ಅದು ಸವೆದರೆ ಅಡಿಯ ನಿಕ್ಕಲ್, ತಾಮ್ರ ಬಯಲಾಗುತ್ತವೆ, ಮುಂದಿನ ಮಳೆಗಾಲಕ್ಕೆ ಕಿಲುಬಿನ ದಾರಿ ಸಲೀಸಾಗುತ್ತದೆ. ಫ್ಯಾನ್ ಗಾಳಿಯಲ್ಲಿ ಚೆನ್ನಾಗಿ ಆರಲು ಬಿಟ್ಟು, ಒಂದೇ ರ‍್ಯಾಮನ್ನು ಚೊಕ್ಕಟವಾಗಿದ್ದ ಇನ್ನೊಂದು ಸ್ಲಾಟಿನಲ್ಲಿ ಕೂರಿಸಿ ಬಟನ್ ಒತ್ತಿದೆವು. ಫ್ಯಾನು ತಿರುಗಿತು, ನಿಲ್ಲಲಿಲ್ಲ, ಪರದೆ ಮಾತ್ರ ಕಪ್ಪು. ಹುಡುಗ ಬಟನ್ ಕಡೆ ಕೈ ಚಾಚಿದ. ರ‍್ಯಾಮ್ ಬದಲಾದ ಮೇಲೆ ಬಯೋಸ್ ಎಲ್ಲವನ್ನೂ ಹೊಸದಾಗಿ ಹೊಂದಿಸಿಕೊಳ್ಳಬೇಕು, ಒಂದೆರಡು ನಿಮಿಷ ಹಿಡಿಯಬಹುದು ಎಂದು ತಡೆದೆ. ಸ್ವಲ್ಪ ಹೊತ್ತಿಗೆ ಕಂಪನಿಯ ಲೋಗೊ ಮೂಡಿತು.

ಪರದೆ ಕಪ್ಪಾಗಿದ್ದರೆ ಯಂತ್ರ ಸತ್ತಿದೆ ಎಂದಲ್ಲ. ಕ್ಯಾಪ್ಸ್ ಲಾಕ್ ಒತ್ತಿದಾಗ ಅದರ ದೀಪ ಹತ್ತಿ ಆರಿದರೆ ಒಳಗೆ ಜೀವವಿದೆ. ಪರದೆಗೆ ಓರೆಯಾಗಿ ಟಾರ್ಚ್ ಬಿಟ್ಟಾಗ ಮಸುಕಾಗಿ ಚಿತ್ರ ಕಂಡರೆ ಹೋಗಿರುವುದು ಹಿಂಬೆಳಕು ಮಾತ್ರ. ಮುಚ್ಚಳ ಮುಚ್ಚಿದೆಯೇ ಎಂದು ತಿಳಿಯಲು ಒಳಗೊಂದು ಅಯಸ್ಕಾಂತ ಸೆನ್ಸರ್ ಇರುತ್ತದೆ. ಅಯಸ್ಕಾಂತವಿರುವ ಮೊಬೈಲ್ ಕವರ್ ಪಕ್ಕದಲ್ಲಿದ್ದರೆ ಅದು ಮೋಸಹೋಗಿ ಪರದೆ ಆರಿಸಬಹುದು.

ಲೋಗೊ ಬಂದ ಮೇಲೂ ಹುಡುಗನ ಯಂತ್ರ ವಿಂಡೋಸ್‌ವರೆಗೆ ಹೋಗಲಿಲ್ಲ. ಗಡಿಯಾರ ಹಲವು ವರ್ಷ ಹಿಂದಕ್ಕೆ ಹೋಗಿತ್ತು. ಬೋರ್ಡಿನ 3 ವೋಲ್ಟ್ ನಾಣ್ಯದ ಸೆಲ್ ಬರಿದಾಗಿತ್ತು. ಅದರ ಜತೆ ಬಯೋಸ್‌ನ ಆಯ್ಕೆಗಳೂ ಅಳಿದು, ಡಿಸ್ಕನ್ನು ಓದುವ ಕ್ರಮ ಮೂಲ ಸ್ಥಿತಿಗೆ ಮರಳಿತ್ತು. ಹೊಸ ಸೆಲ್ ಹಾಕಿ, ಆ ಆಯ್ಕೆಯನ್ನು ಮೊದಲಿನಂತೆ ತಿದ್ದಿ, ದಿನಾಂಕ ಸರಿಪಡಿಸಿದ ಮೇಲೆ ಎಲ್ಲವೂ ತೆರೆದುಕೊಂಡಿತು. ಇಲ್ಲಿ ಬಯೋಸ್ ಪಾಸ್‌ವರ್ಡೋ ಹಳೆಯ ಕಂಪನಿಯ ಬೀಗವೋ ಎದುರಾಗಿದ್ದರೆ ನಮ್ಮ ಶ್ರಮ ಅಲ್ಲಿಗೇ ನಿಲ್ಲುತ್ತಿತ್ತು. ಕೊಳ್ಳುವಾಗಲೇ ಬಯೋಸ್ ತೆರೆದು ತೋರಿಸಿ ಎಂದು ಅಂಗಡಿಯವರನ್ನು ಕೇಳುವುದು ಇದಕ್ಕೇ.

ಕೆಲವು ಕೆಲಸ ಮನೆಯಲ್ಲಿ ಮಾಡುವಂಥವಲ್ಲ. ಟಚ್‌ಪ್ಯಾಡ್ ಮೇಲೆದ್ದಿದ್ದರೆ ಅಡಿಯಲ್ಲಿ ಲಿಥಿಯಂ ಬ್ಯಾಟರಿ ಅನಿಲ ತುಂಬಿ ಉಬ್ಬಿರುವ ಸಂಭವ ಹೆಚ್ಚು. ಅದನ್ನು ಒತ್ತುವುದು, ಚುಚ್ಚುವುದು, ಚಾರ್ಜ್ ಮಾಡುವುದು ಯಾವುದೂ ಕೂಡದು. ಆಫ್ ಮಾಡಿ ತಿಳಿದವರ ಕೈಗೆ ಕೊಡಬೇಕು. ನೀರು ಚೆಲ್ಲಿದ ಯಂತ್ರವನ್ನು ಅಕ್ಕಿಯಲ್ಲಿ ಹೂಳುವುದರಿಂದ ಉಪಯೋಗವಿಲ್ಲ. ಅಕ್ಕಿ ಒಳಗಿನ ಲವಣವನ್ನು ತೆಗೆಯುವುದಿಲ್ಲ, ಮೇಲಾಗಿ ತನ್ನ ಪುಡಿಯನ್ನು ಬಿಡುತ್ತದೆ. ವೋಲ್ಟೇಜ್ ತಪ್ಪಿಸುವುದೇ ಮೊದಲ ಕೆಲಸ: ಚಾರ್ಜರ್ ಕಿತ್ತು, ಯಂತ್ರ ಆರಿಸಿ, ಬ್ಯಾಟರಿ ಕಳಚಬೇಕು. ಒಣಗಿತೇ ಎಂದು ನಡುನಡುವೆ ಆನ್ ಮಾಡಿ ನೋಡುವ ಆಸೆಯೇ ಎಷ್ಟೋ ಬೋರ್ಡುಗಳನ್ನು ಸುಟ್ಟಿದೆ.

ಕಾಫಿ ಪಾರ್ಚ್‌ಮೆಂಟ್ ಶೇ 10ರಷ್ಟು ತೇವಕ್ಕೆ ಒಣಗಿದ ಮೇಲೂ ಮಳೆಗಾಲದಲ್ಲಿ ಗಾಳಿಯಿಂದ ಮತ್ತೆ ತೇವ ಹೀರುವುದನ್ನು ಬಲ್ಲ ಬೆಳೆಗಾರರಿಗೆ ಲ್ಯಾಪ್‌ಟಾಪನ್ನು ತೇವದಿಂದ ಕಾಯುವ ಉಪಾಯ ವಿವರಿಸುವುದು ಕಷ್ಟವಲ್ಲ. ಜೂನ್ ಬಂದ ಮೇಲೆ ಲ್ಯಾಪ್‌ಟಾಪನ್ನು ದಿನಕ್ಕೊಮ್ಮೆ ಅರ್ಧ ತಾಸಾದರೂ ಓಡಿಸಬೇಕು, ಕೆಲಸ ಮುಗಿದಾಗ ಸ್ಲೀಪ್ ಬಿಟ್ಟು ಶಟ್‌ಡೌನ್ ಮಾಡಬೇಕು. ವಾರಗಟ್ಟಲೆ ಬಳಸದಿದ್ದರೆ ಬ್ಯಾಟರಿಯನ್ನು ಅರ್ಧದಷ್ಟು ತುಂಬಿಸಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜತೆ ಇಡಬಹುದು. ಜೆಲ್ಲಿನ ಬಣ್ಣ ಬದಲಾದಾಗ 120 ಡಿಗ್ರಿಯ ಸುಮಾರಿಗೆ ಕಾಯಿಸಿದರೆ ಮತ್ತೆ ಬಳಕೆಗೆ ಬರುತ್ತದೆ. ಕೈಲ್‌ಪೊಳ್ದ್ ಕಳೆದು ಹೊರತೆಗೆದಾಗ ಡಬ್ಬಿಯೊಳಗೇ ಕೋಣೆಯ ಉಷ್ಣತೆಗೆ ಬರಲು ಬಿಟ್ಟು ಆಮೇಲೆ ಮುಚ್ಚಳ ತೆರೆಯಬೇಕು. ಬಟನ್ ಒತ್ತುವ ಮೊದಲು ಒಂದು ಗಂಟೆ ಚಾರ್ಜಿಗೆ ಹಾಕಿಡುವುದೂ ಮುಖ್ಯ. ಪ್ರತಿ ಸೆಲ್ 3 ವೋಲ್ಟ್‌ಗಿಂತ ಕೆಳಗಿಳಿದಿದ್ದರೆ ಚಾರ್ಜಿಂಗ್ ಸರ್ಕ್ಯೂಟ್ ಬಹಳ ಕಡಮೆ ಕರೆಂಟಿನಿಂದ ಮೆಲ್ಲಗೆ ಮೇಲೆತ್ತುತ್ತದೆ, ಆ ಹೊತ್ತಿನಲ್ಲಿ ಕೆಲವು ಮಾದರಿಗಳಲ್ಲಿ ಯಾವ ದೀಪವೂ ಹತ್ತುವುದಿಲ್ಲ.