ಕಾವಲು ಪಡೆಯ ದಂಡನಾಯಕರು

ಬೀಜಿಂಗ್ ನಗರದ ರಾಯಭಾರ ಕಚೇರಿಗಳ ಬಾಗಿಲಲ್ಲಿ ಗೊಂಬೆಗಳಂತೆ ಅಲುಗದೆ ನಿಂತ ತರುಣರನ್ನು ಕಂಡ ಪ್ರವಾಸಿಗರು ಅವರನ್ನು ಸೈನಿಕರೆಂದು ಭಾವಿಸುವುದುಂಟು. ವಾಸ್ತವವಾಗಿ ಅವರು ಜನತಾ ಸಶಸ್ತ್ರ ಪೊಲೀಸ್ ಪಡೆಗೆ ಸೇರಿದವರು. 1982ರಲ್ಲಿ ರಚಿತವಾದ ಈ ಪಡೆಯ ಬಲ, 2006ರಲ್ಲಿ ಚೀನಾ ಸರ್ಕಾರವೇ ಪ್ರಕಟಿಸಿದ ಲೆಕ್ಕದಂತೆ, 6,60,000. ಸೆರೆಮನೆಗಳ ಹೊರಗಾವಲು, ದಂಗೆಗಳ ದಮನ, ನೆರೆ ಭೂಕಂಪಗಳಲ್ಲಿ ನೆರವು ಇವೆಲ್ಲ ಅದರ ಹೊಣೆ. ಓದುಗರಿಗೆ ಸೋಜಿಗವೆನಿಸಬಹುದಾದ ಸಂಗತಿಯೊಂದಿದೆ: 2018ರವರೆಗೆ ಚಿನ್ನದ ನಿಕ್ಷೇಪಗಳನ್ನು ಹುಡುಕುವ, ಜಲವಿದ್ಯುತ್ ಕಾಮಗಾರಿಗಳನ್ನು ನಡೆಸುವ, ಕಾಡು ಕಾಯುವ ದಳಗಳೂ ಇದರೊಳಗೇ ಇದ್ದವು!

ಇಂತಹ ಪಡೆಗೆ 2009ರಿಂದ 2014ರವರೆಗೆ ದಂಡನಾಯಕರಾಗಿದ್ದವರು ವಾಂಗ್ ಜಿಯಾನ್‌ಪಿಂಗ್. 2012ರಲ್ಲಿ ಅವರಿಗೆ ಪೂರ್ಣ ಜನರಲ್ ಪದವಿ ದೊರೆಯಿತು. ಮುಂದೆ ಸೇನೆಯ ಪ್ರಧಾನ ಕಾರ್ಯಾಲಯದಲ್ಲಿ ಉಪಮುಖ್ಯಸ್ಥರಾದರು. 2016ರ ಡಿಸೆಂಬರ್ ಕೊನೆಯಲ್ಲಿ ರಕ್ಷಣಾ ಸಚಿವಾಲಯದ ವಕ್ತಾರರು, ಲಂಚದ ಸಂಶಯದ ಮೇಲೆ ಅವರ ವಿಚಾರಣೆ ನಡೆದಿದೆಯೆಂದು ಒಪ್ಪಿಕೊಂಡರು. ಅಷ್ಟೇ. ಕೊಟ್ಟವರಾರು, ಕೊಟ್ಟುದೆಷ್ಟು, ಏತಕ್ಕಾಗಿ ಎಂಬುದನ್ನು ಅಂದು ಹೇಳಲಿಲ್ಲ.

ಬೇಲಿಯೇ ಎದ್ದು ಹೊಲ ಮೇಯ್ದ ಗಾದೆಯನ್ನು ತರಗತಿಯಲ್ಲಿ ಎಷ್ಟು ಸಲ ವಿವರಿಸಿದ್ದೇನೋ ನಾನರಿಯೆ. ಆದರೆ ಇಲ್ಲಿ ಬೇಲಿಯನ್ನು ನೋಡಿಕೊಳ್ಳಬೇಕಾದವರ ಗತಿಯೇನಾಯಿತು? ಸಾರ್ವಜನಿಕ ಸುರಕ್ಷಾ ಮಂತ್ರಿಗಳು ಪದನಿಮಿತ್ತ ಈ ಪಡೆಯ ಪ್ರಥಮ ರಾಜಕೀಯ ಅಧಿಕಾರಿಗಳಾಗಿರುತ್ತಿದ್ದರು. 2002ರಿಂದ 2007ರವರೆಗೆ ಆ ಮಂತ್ರಿಯಾಗಿದ್ದ ಝೌ ಯೋಂಗ್‌ಕಾಂಗ್‌ರಿಗೆ 2015ರಲ್ಲಿ ಭ್ರಷ್ಟಾಚಾರಕ್ಕಾಗಿ ಜೀವಾವಧಿ ಸೆರೆವಾಸ ವಿಧಿಸಲಾಯಿತು. ಕೇಂದ್ರ ಸೇನಾ ಆಯೋಗದ ಉಪಾಧ್ಯಕ್ಷರಾಗಿದ್ದ ಷು ತ್ಸೈಹೌ ಅವರ ಮೇಲಿದ್ದ ಆರೋಪವಂತೂ ಬಡ್ತಿ ಕೊಡಿಸಿ ಲಂಚ ಪಡೆದರೆಂಬುದು. ನ್ಯಾಯಾಲಯದ ಮೆಟ್ಟಿಲೇರುವ ಮುನ್ನವೇ 2015ರ ಮಾರ್ಚಿಯಲ್ಲಿ ಅವರು ಅರ್ಬುದರೋಗದಿಂದ ತೀರಿಕೊಂಡರು. ಹಣ ತೆತ್ತು ಪದವಿ ಪಡೆದವನು ಆ ಹಣವನ್ನು ತನ್ನ ಕೈಕೆಳಗಿನವರಿಂದಲ್ಲದೆ ಮತ್ತಾರಿಂದ ಹಿಂದೆ ಪಡೆದಾನು? ಸಾಲದ ಹೊರೆ ಕೊನೆಗೆ ಇಳಿಯುವುದು ಯಾವುದೋ ಹಳ್ಳಿಯಿಂದ ಬಂದ, ಬಾಗಿಲಲ್ಲಿ ನಿಂತ ಆ ತರುಣನ ಹೆಗಲಿಗೇ.

2018ರ ಜನವರಿಯಿಂದ ಪಡೆಯ ಮೇಲಿದ್ದ ಸರ್ಕಾರದ ಅಧಿಕಾರವನ್ನು ತೆಗೆದು, ಷಿ ಜಿನ್‌ಪಿಂಗ್‌ರ ಅಧ್ಯಕ್ಷತೆಯ ಸೇನಾ ಆಯೋಗವೊಂದಕ್ಕೇ ಅದನ್ನು ಒಪ್ಪಿಸಲಾಯಿತು. ಇಬ್ಬರು ಯಜಮಾನರಿದ್ದಲ್ಲಿ ಒಬ್ಬರಾದರು. 2020ರ ಡಿಸೆಂಬರಿನಲ್ಲಿ, ರಾಜಧಾನಿಯ ರಕ್ಷಣಾ ದಳದ ಮುಖ್ಯಸ್ಥರಾಗಿದ್ದ ವಾಂಗ್ ಚುನ್‌ನಿಂಗ್ ಪಡೆಯ ದಂಡನಾಯಕರಾದರು. ಅವರಿಗಿಂತ ನಂಬಿಕಸ್ತರಾರು ಎನ್ನಬಹುದಾದ ಹುದ್ದೆಯಿಂದ ಬಂದವರು.

2025ರ ಅಕ್ಟೋಬರ್ 17ರಂದು ಪಕ್ಷದಿಂದಲೂ ಸೇನೆಯಿಂದಲೂ ಉಚ್ಚಾಟಿತರಾದ ಒಂಬತ್ತು ಮಂದಿ ಉನ್ನತಾಧಿಕಾರಿಗಳಲ್ಲಿ ಅವರೂ ಒಬ್ಬರು. ಆಯೋಗದ ಉಪಾಧ್ಯಕ್ಷ ಹೆ ವೇಡೋಂಗ್‌ರ ಹೆಸರೂ ಅದೇ ಪಟ್ಟಿಯಲ್ಲಿತ್ತು. ಪ್ರಕರಣದಲ್ಲಿನ ಮೊತ್ತ ಅತಿ ದೊಡ್ಡದೆಂದು ಪ್ರಕಟಣೆ ಸಾರಿತು. ಅಂಕಿಯನ್ನು ಮಾತ್ರ ನಮೂದಿಸಲಿಲ್ಲ. ಮೊಕದ್ದಮೆಯನ್ನು ಸೇನೆಯ ಅಭಿಯೋಜಕರಿಗೆ ಒಪ್ಪಿಸಲಾಯಿತು.