ನಾಲ್ಕು ತಂತಿ, ಒಂದೇ ಹೆಸರು

ನಮ್ಮ ಜತ್ತ ಭಾಗದ ಬೇಸಿಗೆ ಹೇಗಿರುತ್ತದೆ ಅಂತ ಈ ಕಡೆಯ ಮಕ್ಕಳಿಗೆ ಹೇಳಬೇಕಾಗಿಲ್ಲ. ಕಾಸರಗೋಡಿನ ಮಕ್ಕಳೇ, ನೀವು ಮಾತ್ರ ನಗಬೇಡಿ: ಇಲ್ಲಿ ಟಾಕಿಯಲ್ಲಿ ನೀರು ಎಷ್ಟಿದೆ ಅನ್ನೋದು ದಿನಾ ಬೆಳಗ್ಗೆ ಕೇಳುವ ಮೊದಲ ಪ್ರಶ್ನೆ. ನಮ್ಮ ಶಾಲೆಯಲ್ಲಿ ಅದನ್ನು ನೋಡಲು ಖಿಚಡಿ ಮಾಡುವ ಮಾವಶಿಯೇ ನಿಚ್ಚಣಿಕೆ ಹತ್ತುತ್ತಿದ್ದರು. ಅದನ್ನು ತಪ್ಪಿಸೋಣ ಅಂತ ಒಂಬತ್ತನೇ ತರಗತಿಯ ಹುಡುಗರೂ ನಾನೂ ಸೇರಿ ಒಂದು ನೀರಿನ ಮಟ್ಟ ತೋರಿಸುವ ಬೋರ್ಡು ಮಾಡಿದೆವು. ನಾಲ್ಕು ಎಲ್‌ಇಡಿ. ಕಾಲು ಟಾಕಿಗೆ ಒಂದು, ಅರ್ಧಕ್ಕೆ ಎರಡು, ಮುಕ್ಕಾಲಿಗೆ ಮೂರು, ತುಂಬಿದರೆ ನಾಲ್ಕು.

ಮೂರನೇ ದಿನ ಒಬ್ಬ ಹುಡುಗ ಓಡಿ ಬಂದ. "ಸರ್, ಟಾಕ್ಯಾಗ ನೀರೇ ಇಲ್ರೀ, ನಾಲ್ಕೂ ಲೈಟು ಹತ್ತ್ಯಾವ!"

ಮಾವಶಿ ನಾಲ್ಕು ದೀಪ ನೋಡಿ, ನೀರು ತುಂಬಿದೆ ಅಂತ ನಂಬಿ, ಪಂಪು ಹಾಕಿಸಿರಲಿಲ್ಲ. ಅವತ್ತು ಊಟವಾದ ಮೇಲೆ ತಾಟು ತೊಳೆಯಲು ನೀರಿಲ್ಲ. ತಪ್ಪು ಮಾವಶಿಯದಲ್ಲ, ಹುಡುಗರದೂ ಅಲ್ಲ. ನಾನು ಒಂದು ತಂತಿಗೆ ಇಟ್ಟ ಹೆಸರಿನದು.

ಮೊದಲು ಮಂಡಲ ನೋಡಿ. ಟಾಕಿಯ ತಳದವರೆಗೆ ಒಂದು ಸ್ಟೀಲ್ ಕಡ್ಡಿ ಇಳಿಬಿಟ್ಟು ಅದಕ್ಕೆ 5 ವೋಲ್ಟ್ ಕೊಟ್ಟಿದೆ. ಅದರ ಪಕ್ಕದಲ್ಲಿ ನಾಲ್ಕು ಬೇರೆ ಬೇರೆ ಎತ್ತರದಲ್ಲಿ ನಾಲ್ಕು ಪ್ರೋಬ್‌ಗಳು. ನೀರು ಒಂದು ಪ್ರೋಬ್ ಮುಟ್ಟಿದರೆ ನೀರಿನ ಮೂಲಕ ಸಣ್ಣ ಪ್ರವಾಹ ಹರಿದು, 10 ಕಿಲೋ ಓಮ್ ರೋಧಕ ದಾಟಿ, ಬಿಸಿ547 ಟ್ರಾನ್ಸಿಸ್ಟರಿನ ಬೇಸ್‌ಗೆ ಬರುತ್ತದೆ. ಬೇಸ್‌ಗೆ ಕೆಲವು ಹತ್ತು ಮೈಕ್ರೋ ಆಂಪಿಯರ್ ಬಂದರೂ ಸಾಕು, ಟ್ರಾನ್ಸಿಸ್ಟರ್ ಅದನ್ನು ನೂರಾರು ಪಟ್ಟು ಹಿಗ್ಗಿಸುತ್ತದೆ. ಕಲೆಕ್ಟರಿನಲ್ಲಿರುವ ಎಲ್‌ಇಡಿ 330 ಓಮ್ ರೋಧಕದ ಮೂಲಕ ಹತ್ತುತ್ತದೆ. ಇಷ್ಟೇ. ಇದೇ ತುಣುಕು ನಾಲ್ಕು ಸಲ. (ನೇರ ಪ್ರವಾಹ ಸದಾ ಹರಿಯುತ್ತಿದ್ದರೆ ವಿದ್ಯುದ್ವಿಭಜನೆಯಾಗಿ ಪ್ರೋಬ್ ಮೇಲೆ ಕಿಟ್ಟ ಕಟ್ಟುತ್ತದೆ. ಅದಕ್ಕೇ ಈಗ ಗುಂಡಿ ಒತ್ತಿದಾಗ ಮಾತ್ರ ದೀಪ ಬರುವ ಹಾಗೆ ಮಾಡಿದ್ದೇವೆ. ಅದು ಬೇರೆ ಕತೆ.)

ನಕ್ಷೆ ಬಿಡಿಸಿದ್ದು ಕೈಕ್ಯಾಡ್ ಎಂಬ ಸಾಫ್ಟ್‌ವೇರಿನಲ್ಲಿ. ಇದನ್ನು 1992ರಲ್ಲಿ ಫ್ರಾನ್ಸಿನ ಜ್ಯಾಂ-ಪಿಯರ್ ಷರಾ ಶುರು ಮಾಡಿದರು. ಜಿನೀವಾದ ಸರ್ನ್ ಪ್ರಯೋಗಾಲಯದವರು 2013ರಿಂದ ಇದರ ಬೆಳವಣಿಗೆಗೆ ಕೈಜೋಡಿಸಿದರು. ಸಂಪೂರ್ಣ ಉಚಿತ. ನಿಮ್ಮ ಶಾಲೆಯ ಕಂಪ್ಯೂಟರಿನಲ್ಲೂ ಹಾಕಿಕೊಳ್ಳಬಹುದು.

ಒಂದೇ ತುಣುಕು ನಾಲ್ಕು ಸಲ ಬೇಕಾದಾಗ ಎರಡು ದಾರಿ ಇವೆ. ಒಂದು ಸಲ ಬಿಡಿಸಿ ಮೂರು ಸಲ ನಕಲು ಮಾಡಿ ಅಂಟಿಸುವುದು ಒಂದು ದಾರಿ. ಸುಲಭ ಅನ್ನಿಸುತ್ತದೆ. ಆದರೆ ಬಿಸಿಲಿನಲ್ಲಿ ಎಲ್‌ಇಡಿ ಕಾಣುತ್ತಿಲ್ಲ, 330 ಓಮ್ ಬದಲು 220 ಹಾಕೋಣ ಅಂದುಕೊಳ್ಳಿ. ನಾಲ್ಕು ಕಡೆ ತಿದ್ದಬೇಕು. ಮೂರು ಕಡೆ ತಿದ್ದಿ ನಾಲ್ಕನೆಯದು ಮರೆಯುತ್ತೇವೆ. ನಿಮ್ಮ ನೋಟುಬುಕ್ಕು ತಿದ್ದುವಾಗ ನಾನು ಇದನ್ನು ದಿನಾ ನೋಡುತ್ತೇನೆ. ಎರಡನೇ ದಾರಿ: ತುಣುಕನ್ನು ಬೇರೊಂದು ಹಾಳೆಯಲ್ಲಿ ಒಂದೇ ಸಲ ಬಿಡಿಸಿ, ಮುಖ್ಯ ಹಾಳೆಯಲ್ಲಿ ನಾಲ್ಕು ಖಾಲಿ ಪೆಟ್ಟಿಗೆ ಇಟ್ಟು, "ಈ ನಾಲ್ಕರ ಒಳಗೂ ಆ ಹಾಳೆಯೇ ಇದೆ" ಅಂತ ಹೇಳುವುದು. ಒಳಗಿನ ಹಾಳೆ ತಿದ್ದಿದರೆ ನಾಲ್ಕೂ ಬದಲಾಗುತ್ತವೆ. ನಾನು ಈ ಎರಡನೇ ದಾರಿ ಹಿಡಿದೆ. ಹಿಡಿದದ್ದು ಸರಿ. ಎಡವಿದ್ದು ಹೆಸರಿನಲ್ಲಿ.

ನಕ್ಷೆಯಲ್ಲಿ ನಮಗೆ ಕಾಣುವುದು ಗೆರೆ. ಕಂಪ್ಯೂಟರಿಗೆ ಗೆರೆಗಿಂತ ಹೆಸರು ಮುಖ್ಯ. ಎರಡು ತಂತಿಗೆ ಒಂದೇ ಹೆಸರಿದ್ದರೆ, ನಡುವೆ ಗೆರೆ ಎಳೆಯದಿದ್ದರೂ ಅವು ಕೂಡಿವೆ ಅಂತಲೇ ಅದರ ಲೆಕ್ಕ. ಹಾಗಾದರೆ ಒಂದು ಹೆಸರು ಎಷ್ಟು ದೂರ ಕೇಳಿಸುತ್ತದೆ?

ನಿಮ್ಮ ಓಣಿಯಲ್ಲಿ ಮನೆಗೊಬ್ಬ ಪುಟ್ಟ ಇರುತ್ತಾನೆ. ಅವ್ವ ಅಡುಗೆಮನೆಯಿಂದ "ಪುಟ್ಟಾ" ಅಂದರೆ ಆ ಮನೆಯ ಪುಟ್ಟ ಮಾತ್ರ ಓಗೊಡುತ್ತಾನೆ. ಅದೇ ಹೆಸರನ್ನು ಜಾತ್ರೆಯ ಮೈಕಿನಲ್ಲಿ ಕೂಗಿಸಿದರೆ? ಊರಿನ ಪುಟ್ಟಂದಿರೆಲ್ಲ ವೇದಿಕೆ ಹತ್ತಿರ ಬಂದು ನಿಲ್ಲುತ್ತಾರೆ. ನಕ್ಷೆಯಲ್ಲೂ ಹೀಗೇ. ಲೋಕಲ್ ಲೇಬಲ್ ಅಂದರೆ ಮನೆಯೊಳಗಿನ ಕೂಗು, ಆ ಹಾಳೆಯ ಆಚೆಗೆ ಕೇಳಿಸದು. ಗ್ಲೋಬಲ್ ಲೇಬಲ್ ಅಂದರೆ ಜಾತ್ರೆಯ ಮೈಕು. ಮೂರನೆಯದೊಂದಿದೆ, ಹೈರಾರ್ಕಿಕಲ್ ಲೇಬಲ್. ಇದು ಹೊಸ್ತಿಲಿದ್ದಂತೆ. ಒಳಗಿನ ತಂತಿ ಪೆಟ್ಟಿಗೆಯ ಅಂಚಿನವರೆಗೆ ಬಂದು ನಿಲ್ಲುತ್ತದೆ, ಅಲ್ಲಿಂದ ಯಾವ ಕಡೆ ಹೋಗಬೇಕೆಂದು ಮುಖ್ಯ ಹಾಳೆಯಲ್ಲಿ ನಾವು ತೋರಿಸುತ್ತೇವೆ.

ನಾನು ಪ್ರೋಬ್ ಸಿಕ್ಕಿಸುವ ಟರ್ಮಿನಲ್ಲಿಗೂ 10 ಕಿಲೋ ಓಮ್ ರೋಧಕಕ್ಕೂ ನಡುವಿನ ತಂತಿಗೆ "ಪ್ರೋಬ್" ಅಂತ ಹೆಸರಿಟ್ಟೆ. ಅವಸರದಲ್ಲಿ ಗ್ಲೋಬಲ್ ಲೇಬಲ್ ಹಾಕಿದೆ. ಹಾಳೆ ಒಂದೇ ಆದರೂ ಅದು ನಾಲ್ಕು ಸಲ ಬಳಕೆಯಾಗಿದೆ ತಾನೆ? ನಾಲ್ಕು ಮನೆಯ ಪುಟ್ಟಂದಿರೂ ಒಂದೇ ಕಡೆ ಬಂದು ನಿಂತರು. ಬೋರ್ಡಿನ ಮೇಲೆ ನಾಲ್ಕು ಪ್ರೋಬ್‌ಗಳೂ ತಾಮ್ರದ ಗೆರೆಯಿಂದ ಕೂಡಿಬಿಟ್ಟವು. ತಳದ ಪ್ರೋಬ್ ಒಂದನ್ನು ನೀರು ಮುಟ್ಟಿದರೂ ನಾಲ್ಕೂ ದೀಪ!

"ಸಾಫ್ಟ್‌ವೇರ್ ತಪ್ಪು ಹಿಡಿಯಲಿಲ್ಲವೇ ಸರ್?" ಅಂತ ಕೇಳುತ್ತೀರಿ. ಇಲ್ಲ. ಅದರ ತಪಾಸಣೆಯಲ್ಲಿ ಒಂದೂ ದೋಷ ಬರಲಿಲ್ಲ. ನಾಲ್ಕು ರೋಧಕಗಳ ತುದಿಯನ್ನು ಒಟ್ಟಿಗೆ ಕಟ್ಟುವುದು ವಿದ್ಯುತ್ತಿನ ನಿಯಮದ ಪ್ರಕಾರ ತಪ್ಪೇನಲ್ಲ. ನಾನು ಹೇಳಿದ್ದನ್ನು ಅದು ಮಾಡಿತು.

ಬೋರ್ಡು ಬಂದ ಮೇಲೆ ಪರೀಕ್ಷೆ ಮಾಡಿದ್ದೆವು ಕೂಡ. ಬಕೆಟ್ಟಿನಲ್ಲಿ ಎಲ್ಲ ಪ್ರೋಬ್ ಮುಳುಗಿಸಿದೆವು, ನಾಲ್ಕೂ ಹತ್ತಿದವು. ಮೇಲೆತ್ತಿದೆವು, ನಾಲ್ಕೂ ಆರಿದವು. ಚಪ್ಪಾಳೆ. ಅರ್ಧ ಮುಳುಗಿಸಿ ನೋಡಬೇಕು ಅಂತ ಯಾರಿಗೂ ಹೊಳೆಯಲಿಲ್ಲ, ನನಗೂ. ಟಾಕಿಯ ಮೇಲಿಟ್ಟಾಗ ದೀಪಗಳು ತುಸು ಮಂದ ಕಂಡದ್ದನ್ನೂ ಗಮನಿಸಲಿಲ್ಲ. ಒಂದು ಪ್ರೋಬಿನ ಪ್ರವಾಹ ನಾಲ್ಕು ಬೇಸ್‌ಗಳಿಗೆ ಹಂಚಿಹೋಗುತ್ತಿತ್ತು!

ರಿಪೇರಿ ಹೇಗೆ ಮಾಡಿದೆವು? ತರಿಸಿದ ಐದೂ ಬೋರ್ಡಿನಲ್ಲಿ ಇದೇ ತಪ್ಪು, ಆದರೂ ಬಿಸಾಡಲಿಲ್ಲ. ನಾಲ್ಕು ಬಿಂದುಗಳನ್ನು ಕೂಡಿಸಲು ಮೂರು ಗೆರೆ ಸಾಕು (ಕಾಗದದ ಮೇಲೆ ಬಿಡಿಸಿ ನೋಡಿ), ಹಾಗಾಗಿ ಬೇರ್ಪಡಿಸಲು ಮೂರು ಕಡೆ ಕೊಯ್ದರೆ ಸಾಕು. ಬ್ಲೇಡಿನಿಂದ ತಾಮ್ರದ ಗೆರೆ ಕೆರೆದು, ಮಲ್ಟಿಮೀಟರನ್ನು ಬೀಪ್ ಶಬ್ದದ ಸ್ಥಾನಕ್ಕೆ ತಿರುಗಿಸಿ, ಪ್ರತಿ ಜೋಡಿಯನ್ನೂ ಮುಟ್ಟಿ ನೋಡಿದೆವು. ಆರು ಜೋಡಿ, ಆರರಲ್ಲೂ ಮೌನ. ಈ ಸಲ ಬಕೆಟ್ಟಿಗೆ ಲೋಟದಲ್ಲಿ ನೀರು ಸುರಿಯುತ್ತಾ ಒಂದೊಂದೇ ದೀಪ ಎಣಿಸಿದೆವು.

ಆಮೇಲೆ ನಕ್ಷೆಯನ್ನೂ ತಿದ್ದಿದೆ. ಗ್ಲೋಬಲ್ ತೆಗೆದು ಲೋಕಲ್ ಹಾಕಿದರೆ ಸಾಫ್ಟ್‌ವೇರ್ ತಾನೇ ಹೆಸರಿನ ಮುಂದೆ ಪೆಟ್ಟಿಗೆಯ ಹೆಸರು ಸೇರಿಸಿಕೊಳ್ಳುತ್ತದೆ: ಕಾಲು/ಪ್ರೋಬ್, ಅರ್ಧ/ಪ್ರೋಬ್, ಹೀಗೆ. ಕಾಗದದ ಮೇಲೆ ವಿಳಾಸ ಬರೆದಂತೆ. ಪೆಟ್ಟಿಗೆಗೆ ನಾವಿಟ್ಟ ಹೆಸರು ಇಲ್ಲಿ ಬರುವುದರಿಂದ "ಹಾಳೆ ಒಂದು, ಹಾಳೆ ಎರಡು" ಅಂತ ಬಿಡಬೇಡಿ, ಅರ್ಥವಾಗುವ ಹೆಸರಿಡಿ. 5 ವೋಲ್ಟ್ ಮತ್ತು ಗ್ರೌಂಡ್ ಮಾತ್ರ ಮೈಕಿನಲ್ಲೇ ಇರಲಿ, ಅವು ಎಲ್ಲ ಮನೆಗೂ ಬೇಕು.

ಬಿಡಿಭಾಗಗಳ ಸಂಖ್ಯೆಗೂ ಒಂದು ಜಾಣತನ ಇದೆ. ಒಂದೇ ಹಾಳೆಯ ಆರ್1 ನಾಲ್ಕು ಸಲ ಬರುವಂತಿಲ್ಲ, ಬೋರ್ಡಿನ ಮೇಲೆ ಅವು ನಾಲ್ಕು ಬೇರೆ ರೋಧಕಗಳು. ಹಾಳೆಯ ಸಂಖ್ಯೆಯನ್ನು ನೂರರಿಂದ ಗುಣಿಸಿ ಅಲ್ಲಿಂದ ಎಣಿಸು ಅಂತ ಹೇಳಬಹುದು. ಮುಖ್ಯ ಹಾಳೆ 1 ಆದರೆ ನಮ್ಮ ನಾಲ್ಕು ಪೆಟ್ಟಿಗೆಗಳು 2ರಿಂದ 5. ಬೇಸ್ ರೋಧಕಗಳು ಆರ್201, ಆರ್301, ಆರ್401, ಆರ್501. ಬೆಸುಗೆ ಹಾಕುವಾಗ ಆರ್401 ಕಂಡರೆ ಅದು ಮೂರನೇ ಪೆಟ್ಟಿಗೆಯದು, ಅಂದರೆ ಮುಕ್ಕಾಲಿನದು ಅಂತ ಹುಡುಗರಿಗೆ ನಕ್ಷೆ ನೋಡದೇ ಗೊತ್ತಾಗುತ್ತದೆ.

ಈಗ ನಿಮಗೊಂದು ಕೆಲಸ. ರಸಪ್ರಶ್ನೆ ಸ್ಪರ್ಧೆಗೆ ನಾಲ್ಕು ತಂಡಗಳ ಬಝರ್ ಮಾಡಬೇಕು. ಪ್ರತಿ ತಂಡಕ್ಕೆ ಒಂದು ಗುಂಡಿ, ಒಂದು ದೀಪ. ಯಾರಾದರೂ ಮೊದಲು ಒತ್ತಿದರೆ ಉಳಿದ ಮೂವರದು ಕೆಲಸ ಮಾಡಬಾರದು. ನಿರ್ವಾಹಕರ ಕೈಯಲ್ಲಿ ಎಲ್ಲವನ್ನೂ ಮೊದಲಿನಂತೆ ಮಾಡುವ ಒಂದು ಗುಂಡಿ. ಮಂಡಲ ಬಿಡಿಸುವುದು ಆಮೇಲಾಗಲಿ. ಮೊದಲು ಒಂದು ಕಾಗದದ ಮೇಲೆ "ಗುಂಡಿ", "ದೀಪ", "ತಡೆ", "ಮರುಹೊಂದಿಕೆ", "5 ವೋಲ್ಟ್" ಎಂಬ ಐದು ಹೆಸರು ಬರೆಯಿರಿ. ಯಾವುದು ಮನೆಯೊಳಗಿರಬೇಕು, ಯಾವುದು ಹೊಸ್ತಿಲವರೆಗೆ ಬರಬೇಕು, ಯಾವುದು ಮೈಕಿಗೆ ಹೋಗಬೇಕು ಅಂತ ಎದುರಿಗೆ ಗುರುತು ಹಾಕಿ. "ತಡೆ" ಬಗ್ಗೆ ನಮ್ಮ ತರಗತಿಯಲ್ಲಿ ಎರಡು ಪಂಗಡಗಳಾಗಿ ಇನ್ನೂ ಜಗಳ ನಡೆದಿದೆ.