ಬ್ಯಾಂಕ್ ಖಾತೆಯಿಲ್ಲದ ಗ್ರಾಹಕ ಮತ್ತು ನಮ್ಮ ನಗದು ಕೌಂಟರ್

ನಗದು ಕೌಂಟರ್ ಇನ್ನೇಕೆ ಬೇಕು ಎಂದು ವರ್ತಕ ಬಾಂಧವರಲ್ಲಿ ಅನೇಕರು ಪ್ರಶ್ನಿಸುತ್ತಿದ್ದಾರೆ. ವೆಚ್ಚದ ದೃಷ್ಟಿಯಿಂದ ಈ ಪ್ರಶ್ನೆ ಸಹಜವೇ. ಆದರೆ ಕೌಂಟರನ್ನು ಮುಚ್ಚುವ ಮುನ್ನ ಬಾಕಿದಾರರ ಪಟ್ಟಿಯನ್ನೊಮ್ಮೆ ಪರಿಶೀಲಿಸುವುದು ಒಳಿತು.

2014ರ ಆಗಸ್ಟ್ 28ರಂದು ಆರಂಭಗೊಂಡ ಪ್ರಧಾನಮಂತ್ರಿ ಜನಧನ ಯೋಜನೆಯಡಿ 2023ರ ವೇಳೆಗೆ 50 ಕೋಟಿಗೂ ಮೀರಿ ಖಾತೆಗಳು ತೆರೆಯಲ್ಪಟ್ಟವು. ಆದಾಗ್ಯೂ ಖಾತೆ ಇರುವುದು ಬೇರೆ, ಅದು ಬಳಕೆಯಲ್ಲಿರುವುದು ಬೇರೆ. ಎರಡು ವರ್ಷಕ್ಕೂ ಮೀರಿ ಗ್ರಾಹಕನಿಂದ ವಹಿವಾಟು ನಡೆಯದ ಖಾತೆ ನಿಷ್ಕ್ರಿಯವೆನಿಸುತ್ತದೆ. ಸಾಮಾನ್ಯ ಮೊಬೈಲ್ ಉಳ್ಳವರಿಗೆಂದು 2022ರ ಮಾರ್ಚ್ ತಿಂಗಳಲ್ಲಿ ಬಂದ ಯುಪಿಐ 123 ಪೇ ಸೌಲಭ್ಯಕ್ಕೂ ಬ್ಯಾಂಕ್ ಖಾತೆ ಬೇಕೇ ಬೇಕು. ಕೂಲಿಯನ್ನು ನಗದಾಗಿ ಪಡೆಯುವವನು ಬಾಕಿಯನ್ನೂ ನಗದಾಗಿಯೇ ತರುತ್ತಾನೆ.

ಲಭ್ಯವಿರುವ ಮಾರ್ಗಗಳು

2005ರಲ್ಲಿ ಆರಂಭವಾದ ಬೆಂಗಳೂರು ಒನ್ ಕೇಂದ್ರಗಳು ವಿದ್ಯುತ್, ನೀರು, ದೂರವಾಣಿ ಬಿಲ್ಲುಗಳನ್ನು ಒಂದೇ ಸೂರಿನಡಿ ಕಟ್ಟುವ ಅನುಕೂಲ ಕಲ್ಪಿಸಿದವು. ವಿದ್ಯುತ್ ಕಂಪನಿಗಳು ಸ್ಥಾಪಿಸಿದ ಎನಿ ಟೈಮ್ ಪೇಮೆಂಟ್ ಯಂತ್ರಗಳು ನಗದು ಸ್ವೀಕರಿಸಿ ರಸೀದಿ ನೀಡಿದವು. ಭಾರತ್ ಬಿಲ್ ಪಾವತಿ ವ್ಯವಸ್ಥೆಗೆ ರಿಸರ್ವ್ ಬ್ಯಾಂಕ್ 2014ರಲ್ಲಿ ಮಾರ್ಗಸೂಚಿ ಹೊರಡಿಸಿತು. ಇದರಡಿ ಏಜೆಂಟರ ಮಳಿಗೆಯಲ್ಲಿ ನಗದು ಕಟ್ಟಿದವರಿಗೂ ಪಾವತಿಯ ದೃಢೀಕರಣ ದೊರೆಯುತ್ತದೆ. ಇವೆಲ್ಲಕ್ಕೂ ಆಧಾರ ಒಂದೇ: ಬಿಲ್ಲಿನ ಮೇಲಿನ ಗ್ರಾಹಕ ಸಂಖ್ಯೆ.

ಒಂದು ಪ್ರಸಂಗ

ನಾನು ಲೆಕ್ಕ ಪರಿಶೋಧಿಸಿದ ಅಂಗಡಿಯೊಂದು ಕಂತಿನ ಮೇಲೆ ಹೊಲಿಗೆ ಯಂತ್ರಗಳನ್ನು ಮಾರುತ್ತಿತ್ತು. ಮೂರು ಕಂತು ಬಾಕಿಯೆಂದು ಒಬ್ಬ ಮಹಿಳೆಯಿಂದ ಯಂತ್ರವನ್ನು ಹಿಂಪಡೆಯಲಾಯಿತು. ಆಕೆ ಹಣ ಕಟ್ಟಿದ್ದರು. ಕೈಬರಹದ ಚೀಟಿಯಲ್ಲಿ ಹೆಸರು ಮಾತ್ರವಿತ್ತು. ವರ್ಷಾಂತ್ಯದ ಪರಿಶೋಧನೆಯಲ್ಲಿ ಆ ಮೂರೂ ಕಂತು ಅದೇ ಹೆಸರಿನ ಇನ್ನೊಬ್ಬರ ಖಾತೆಗೆ ಜಮೆಯಾಗಿದ್ದುದು ಕಂಡುಬಂದಿತು. ಯಂತ್ರವನ್ನು ಹಿಂದಿರುಗಿಸಲಾಯಿತು, ಆದರೆ ಕೈತಪ್ಪಿದ್ದ ಅಷ್ಟು ತಿಂಗಳ ದುಡಿಮೆಯನ್ನು ಹಿಂದಿರುಗಿಸಲು ಯಾರಿಗೂ ಸಾಧ್ಯವಿರಲಿಲ್ಲ.

ಅನುಸರಿಸಬೇಕಾದ ಕ್ರಮಗಳು

1. ಪ್ರತಿ ಗ್ರಾಹಕನಿಗೂ ಪ್ರತ್ಯೇಕ ಸಂಖ್ಯೆ ನೀಡಿ, ಜಮೆಯನ್ನು ಹೆಸರಿನಿಂದಲ್ಲದೆ ಸಂಖ್ಯೆಯಿಂದಲೇ ಮಾಡತಕ್ಕದ್ದು.
2. ಕ್ರಮಸಂಖ್ಯೆ ಮುದ್ರಿಸಿದ, ಎರಡು ಪ್ರತಿಯ ರಸೀದಿ ಕಡ್ಡಾಯವಾಗಿರಲಿ. 5,000 ರೂ. ಮೀರಿದ ನಗದು ರಸೀದಿಗೆ 1 ರೂ. ರೆವಿನ್ಯೂ ಸ್ಟಾಂಪ್ ಅಗತ್ಯ.
3. ರಸೀದಿ ಪುಸ್ತಕ, ನಗದು ಪುಸ್ತಕ ಹಾಗೂ ಖಾತೆ ಪುಸ್ತಕಗಳನ್ನು ಅಂದಂದೇ ತಾಳೆ ನೋಡಬೇಕು.
4. ಒಬ್ಬರಿಂದ ಒಂದೇ ದಿನ, ಅಥವಾ ಒಂದೇ ವ್ಯವಹಾರಕ್ಕೆ, 2 ಲಕ್ಷ ರೂ. ಅಥವಾ ಅದಕ್ಕೂ ಹೆಚ್ಚು ನಗದು ಸ್ವೀಕರಿಸುವುದು 2017ರ ಏಪ್ರಿಲ್ 1ರಿಂದ ನಿಷಿದ್ಧ. ತಪ್ಪಿದಲ್ಲಿ ಸ್ವೀಕರಿಸಿದಷ್ಟೇ ಮೊತ್ತದ ದಂಡಕ್ಕೆ ಅವಕಾಶವಿದೆ.
5. ಸ್ವಯಂಸೇವಾ ಯಂತ್ರವಿರಿಸುವವರು ಆರಂಭದ ಕೆಲವು ತಿಂಗಳಾದರೂ ಪಕ್ಕದಲ್ಲಿ ಒಬ್ಬ ಸಹಾಯಕನನ್ನು ನಿಲ್ಲಿಸುವುದು ಸೂಕ್ತ.

ನಗದು ತರುವ ಗ್ರಾಹಕನ ಕೈಯಲ್ಲಿ ಬ್ಯಾಂಕಿನ ಸ್ಟೇಟ್‌ಮೆಂಟ್ ಇರುವುದಿಲ್ಲ. ನಾವು ಕೊಡುವ ರಸೀದಿಯೊಂದೇ ಆತನ ಸಾಕ್ಷಿ. ಅದನ್ನು ಸರಿಯಾಗಿ ಬರೆದುಕೊಡುವುದು ನಮ್ಮ ವ್ಯಾಪಾರದ ಹಿತಕ್ಕೂ ಅಷ್ಟೇ ಅವಶ್ಯಕ.